ಎರಡು ಕೊಂಬು, ಒಂದು ಬನ್ನಿ ಎಲೆ

ನಿದ್ದೆ ಬಾಕಿ ತೀರಿತು. ಪ್ರೆಸ್ಸಿನ ಬಾಕಿ ಅರ್ಧ ತೀರಿತು. ಇನ್ನೊಂದು ಬಾಕಿ ಉಳಿದಿದೆ. ಅದನ್ನು ಎಲ್ಲರ ಮುಂದೆಯೇ ತೀರಿಸೋಣ ಅಂತ ಕೂತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಳೆದ ತಿಂಗಳು ದಾವಣಗೆರೆಯಲ್ಲಿ ಮರುಭೂಮಿ ಮತ್ತು ಒಣ ಸೀಮೆಗಳ ಬಗ್ಗೆ ಮೂರು ದಿನದ ವಿಚಾರ ಸಂಕಿರಣ ನಡೆಯಿತು. ಅದರ ಲೋಗೋ, ಪೋಸ್ಟರ್, ಬ್ಯಾಡ್ಜ್, ಚೀಲ, ಕಾರ್ಯಕ್ರಮದ ಪುಸ್ತಿಕೆ, ವೇದಿಕೆಯ ಹಿಂದಿನ ಬಟ್ಟೆ ಎಲ್ಲವೂ ನನ್ನ ಕೈಯಿಂದ ಆದವು. ನಮ್ಮ ಕಸುಬಿನಲ್ಲಿ ಇದಕ್ಕೆ ವಿಷುಯಲ್ ಐಡೆಂಟಿಟಿ ಅಂತಾರೆ. ಅಮ್ಮನಿಗೆ ಮಾತ್ರ "ಮದುವೆ ಮನೆಯವರಿಗೆಲ್ಲ ಒಂದೇ ಥಾನಿನಲ್ಲಿ ಬಟ್ಟೆ ಹೊಲಿಸ್ತಾರಲ್ಲ, ಹಂಗೆ" ಅಂದಿದ್ದೆ. ಅಮ್ಮನಿಗೆ ತಕ್ಷಣ ಅರ್ಥ ಆಯ್ತು. "ಅಳತೆ ಸರಿ ತಗೊಂಡಿದೀಯಾ?" ಅಂತ ಕೇಳಿದರು.

ಬೆಂಗಳೂರಿನ ಕೆಲಸ ಹೋಗಿ ನಾನು ದುರ್ಗಕ್ಕೆ ವಾಪಸ್ ಬಂದು ಒಂದೂವರೆ ವರ್ಷ. ಮೊದಲ ಆರು ತಿಂಗಳು ಕೇಳಿದವರಿಗೆಲ್ಲ "ವರ್ಕ್ ಫ್ರಮ್ ಹೋಮ್" ಅಂತ ಸುಳ್ಳು ಹೇಳಿದೆ. ಆಮೇಲೆ ಒಂದು ಚಿಕ್ಕ ಅಂಗಡಿ ಹಿಡಿದೆ. ಗೃಹಪ್ರವೇಶದ ಪತ್ರಿಕೆ, ಶ್ರದ್ಧಾಂಜಲಿ, ಕೋಚಿಂಗ್ ಸೆಂಟರಿನ ಕರಪತ್ರ ಮಾಡುತ್ತಾ ಇದ್ದೆ. ಅಂಥ ಹೊತ್ತಿನಲ್ಲಿ ಬಂದ ಕೆಲಸ ಇದು. ಹಾಗಾಗಿ ಹೆದರಿಕೆ ಜಾಸ್ತಿಯೇ ಇತ್ತು.

"ಚೆನ್ನಾಗಿದೆ" ಅಂದವರು ತುಂಬಾ ಜನ. ಅವರೆಲ್ಲರಿಗೂ ನಮಸ್ಕಾರ. ಆದರೆ ಈ ಬರಹ "ಇದು ಸರಿಯಿಲ್ಲ" ಅಂದವರಿಗಾಗಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ಭೂಗೋಳದ ಪ್ರೊಫೆಸರ್ ಮೇಡಂ. ನನ್ನ ಮೊದಲ ಲೋಗೋದಲ್ಲಿ ಎರಡು ಚೂಪಾದ ಮರಳುಗುಡ್ಡೆ, ಮುಂದೆ ಅರ್ಧಚಂದ್ರದಂಥ ಒಂದು ದಿಬ್ಬ, ಹಿಂದೆ ಕೆಂಪು ಸೂರ್ಯ. ಮೂಲೆಯಲ್ಲಿ ಒಂಟೆ ಇರಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದೆ. ಮೇಡಂ ಕನ್ನಡಕ ಹಣೆಗೆ ಏರಿಸಿ ನೋಡಿದರು. "ಗಾಳಿ ಯಾವ ಕಡೆಯಿಂದ ಬೀಸ್ತಾ ಇದೆ?" ಅಂತ ಕೇಳಿದರು.

"ಮೇಡಂ, ಇದು ಲೋಗೋ."

"ಇರಲಿ. ಗಾಳಿ ಇಲ್ಲದೆ ದಿಬ್ಬ ಹೆಂಗೆ ಬಂತು?"

ಆವತ್ತು ಕಲಿತದ್ದು ಇದು. ಅರ್ಧಚಂದ್ರದ ಮರಳದಿಬ್ಬಕ್ಕೆ ಬರ್ಖಾನ್ ಎನ್ನುತ್ತಾರೆ. ಅದರ ಎರಡು ಕೊಂಬುಗಳು ಗಾಳಿ ಹೋಗುವ ಕಡೆಗೆ ಚಾಚಿರುತ್ತವೆ. ಗಾಳಿ ಬರುವ ಬದಿಯ ಇಳಿಜಾರು ನಿಧಾನದ್ದು, ಒಳಗಿನ ಬದಿ ಕಡಿದು. ನಾನು ಬರೆದದ್ದರಲ್ಲಿ ಕಡಿದಾದ ಬದಿಯೇ ಗಾಳಿಗೆ ಎದುರಾಗಿತ್ತು. ತಮಾಷೆ ಅಂದರೆ, ಕೊಂಬು ಗಾಳಿಗೆ ಎದುರು ಇರುವ ದಿಬ್ಬಗಳೂ ಇವೆ. ಅಲ್ಲಿ ತೋಳಿನ ಮರಳನ್ನು ಹುಲ್ಲು, ಪೊದೆ ಹಿಡಿದುಕೊಳ್ಳುತ್ತವೆ. ನಡುವಿನ ಮರಳು ಮಾತ್ರ ಮುಂದೆ ಸಾಗುತ್ತದೆ. ಇವು ಪ್ಯಾರಾಬೋಲಿಕ್ ದಿಬ್ಬಗಳು. ಥಾರ್ ಮರುಭೂಮಿಯಲ್ಲಿ ಜಾಸ್ತಿ ಇರುವುದು ಇವೇ. ಅಲ್ಲಿ ಜೋರು ಗಾಳಿ ನೈಋತ್ಯದಿಂದ. ಹಾಗಾಗಿ ತೋಳುಗಳು ನೈಋತ್ಯಕ್ಕೆ, ಮೂಗು ಈಶಾನ್ಯಕ್ಕೆ. "ಭಾರತದ ಮರುಭೂಮಿ ಅಂತ ಬರೆದು ಸಹಾರಾದ ದಿಬ್ಬ ಹಾಕಿದರೆ ಜೋಧಪುರದವರು ನಗ್ತಾರಮ್ಮ" ಅಂದರು ಮೇಡಂ.

ಚೂಪು ಗುಡ್ಡೆಗೆ ಬೇರೆ ಪಾಠ. ಅಡುಗೆಮನೆಯಿಂದ ರವೆ ಡಬ್ಬಿ ತಂದು ತಟ್ಟೆಗೆ ಸುರಿದರು. ಇನ್ನೂ ಸುರಿದರು. ರವೆ ಜಾರಿತು, ಗುಡ್ಡೆ ದೊಡ್ಡದಾಯಿತು, ಓರೆ ಮಾತ್ರ ಹಾಗೇ ಇತ್ತು. ಒಣ ಮರಳೂ ಹೀಗೇ. ದಿಬ್ಬದ ಕಡಿದಾದ ಬದಿ 30ರಿಂದ 34 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕಡಿದಾದರೆ ಜಾರಿ ಬೀಳುತ್ತದೆ. ನನ್ನ ಗುಡ್ಡೆಗಳು 60 ಡಿಗ್ರಿ ಇದ್ದವು, ಈಜಿಪ್ಟಿನ ಪಿರಮಿಡ್ಡಿಗಿಂತ ಕಡಿದು.

ಆ ರಾತ್ರಿ ಎಲ್ಲ ಅಳಿಸಿದೆ. 33 ಡಿಗ್ರಿ ಓರೆಯನ್ನು ಇಡೀ ವಿನ್ಯಾಸಕ್ಕೆ ಕಟ್ಟಳೆ ಮಾಡಿಕೊಂಡೆ. ಪೋಸ್ಟರಿನ ಪಟ್ಟಿ, ಬ್ಯಾಡ್ಜಿನ ಮೂಲೆ, ಪುಸ್ತಿಕೆಯ ಅಧ್ಯಾಯದ ಗೆರೆ, ಎಲ್ಲದಕ್ಕೂ ಅದೇ ಓರೆ. ಸಂಕಿರಣಕ್ಕೆ ಬಂದವರಲ್ಲಿ ಎಷ್ಟು ಜನ ಗಮನಿಸಿದರೋ ಗೊತ್ತಿಲ್ಲ. ಮೇಡಂ ಮಾತ್ರ ಪುಸ್ತಿಕೆಯ ಮೇಲೆ ಕೋನಮಾಪಕ ಇಟ್ಟು ನೋಡಿದರು. ನಿಜವಾಗ್ಲೂ ಇಟ್ಟರು.

ಅವರೇ ಹೊಡೆದು ಹಾಕಿದ ಇನ್ನೊಂದು ಸಾಲಿದೆ. ಪೋಸ್ಟರಿನ ಕೆಳಗೆ ನಾನು ಭಾವುಕಳಾಗಿ "ನಮ್ಮ ದುರ್ಗದ ಮರುಭೂಮಿಯಿಂದ" ಅಂತ ಬರೆದಿದ್ದೆ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಕಡೆಯನ್ನು ಸಾಮಾನ್ಯವಾಗಿ ಮರುಭೂಮಿ ಅನ್ನುತ್ತಾರೆ. ನಮ್ಮ ಜಿಲ್ಲೆಯ ಸರಾಸರಿ ಅದರ ಎರಡು ಪಟ್ಟಿಗೂ ಹೆಚ್ಚು. ನಮ್ಮದು ಬಯಲುಸೀಮೆ, ಬರ ಬರುವ ಸೀಮೆ. ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ತನಕ ಕಾದವರು ನಾವು. 89 ವರ್ಷ. ಅಷ್ಟು ಕಾದವರಿಗೆ ಮರುಭೂಮಿ ಅನ್ನಿಸೋದು ಸಹಜ ಅಲ್ವಾ ಅಂತ ವಾದ ಮಾಡಿದೆ. "ಅನ್ನಿಸಲಿ. ಅಚ್ಚು ಹಾಕಿಸಬೇಡ" ಅಂದರು. ಸಾಲು ಹೋಯ್ತು.

ಎರಡನೆಯವರು ನನ್ನ ಸೋದರಮಾವ. ಚಳ್ಳಕೆರೆ ಕಡೆಯವರು, ಕುರಿ ಸಾಕಿದ್ದಾರೆ. ಪೋಸ್ಟರಿಗೆ ನಾನು ಎತ್ತರದ, ಕೈ ಎತ್ತಿ ನಿಂತ ಮನುಷ್ಯನ ಥರದ ಕಳ್ಳಿ ಹಾಕಿದ್ದೆ. ಮರುಭೂಮಿ ಅಂತ ಹುಡುಕಿದರೆ ಸಿಗುವ ಮೊದಲ ಚಿತ್ರವೇ ಅದು. ಮಾವ ಫೋನನ್ನು ಹತ್ತಿರ ದೂರ ಹಿಡಿದು ನೋಡಿದರು. "ಇದ್ಯಾವೂರ ಕಳ್ಳಿ ಕಣವ್ವಾ? ನಾ ಕಂಡಿಲ್ಲ."

ಅವರು ಕಂಡಿರುವ ಸಾಧ್ಯತೆಯೂ ಇಲ್ಲ. ಅದು ಸಗುವಾರೋ. ಕಾಡಿನಲ್ಲಿ ತಾನಾಗಿ ಬೆಳೆಯುವುದು ಅಮೆರಿಕ, ಮೆಕ್ಸಿಕೋ ನಡುವಿನ ಸೊನೋರಾ ಮರುಭೂಮಿಯಲ್ಲಿ ಮಾತ್ರ. ಥಾರ್‌ನಲ್ಲಿ ಒಂದೂ ಇಲ್ಲ. ಸರಿ, ನಮ್ಮ ಪಾಪಾಸುಕಳ್ಳಿ ಹಾಕೋಣ ಅಂದುಕೊಂಡೆ. ಅದೂ ಅಮೆರಿಕದಿಂದ ಬಂದದ್ದೇ. ಬಳ್ಳಾರಿ ಜಾಲಿ? ಅದೂ ಅಲ್ಲಿಯದೇ. ನಮ್ಮ ಬೇಲಿಯಲ್ಲಿ ಮುರಿದರೆ ಹಾಲು ಸೋರುತ್ತಲ್ಲ, ಆ ಕಳ್ಳಿಗಳಲ್ಲಿ ಕೆಲವು ಈ ನೆಲದವೇ. ಆದರೆ ಅವುಗಳ ವಂಶ ಬೇರೆ.

"ಬ್ಯಾಸಿಗೇಲಿ ಎಲ್ಲ ಒಣಗಿದ ಮ್ಯಾಲೂ ಹಸಿರಿರೋದು ಯಾವುದು ಮಾವ?" ಅಂತ ಕೇಳಿದೆ. ಮಾವ ಮಾತಾಡಲಿಲ್ಲ, ಹೊಲದ ಬದುವಿನ ಕಡೆ ಗದ್ದ ಎತ್ತಿ ತೋರಿಸಿದರು. ಬನ್ನಿ ಮರ. ಮೇವು ಇಲ್ಲದ ತಿಂಗಳಲ್ಲಿ ಅದರ ಸೊಪ್ಪು ಸವರಿ ಆಡು ಕುರಿಗೆ ಹಾಕುತ್ತಾರೆ.

ಒಂದು ಎಳೆ ರೆಂಬೆಯ ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಎರಡು ನಿಮಿಷದಲ್ಲಿ ಫೋನ್ ಬಂತು. ರಾಜಸ್ಥಾನದ ಖೇಜಡಿ ಮರ ಅಂದರೆ ಇದೇ ಅಂತೆ, ನಮ್ಮ ಬನ್ನಿ. ಅದು ಆ ರಾಜ್ಯದ ರಾಜ್ಯವೃಕ್ಷ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿ ಎಂಬ ಹಳ್ಳಿಯಲ್ಲಿ ಅರಮನೆಯವರು ಮರ ಕಡಿಯಲು ಬಂದಾಗ ಬಿಷ್ಣೋಯಿ ಸಮುದಾಯದವರು ಮರ ತಬ್ಬಿ ನಿಂತರು. ಅಮೃತಾ ದೇವಿ ಮೊದಲು, ಒಟ್ಟು 363 ಜನ ಪ್ರಾಣ ಬಿಟ್ಟರು. ಅದೇ ಮರದ ಎಲೆಯನ್ನು ನಾವು ದಸರೆಯ ದಿನ ಕೈಗೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗಿರೋಣ" ಅನ್ನುತ್ತೇವೆ. ಹುಟ್ಟಿದಾಗಿನಿಂದ ಕೈಯಲ್ಲಿ ಹಿಡಿದ ಎಲೆ. ನನಗೆ ಹೊಳೆದಿರಲಿಲ್ಲ.

ಬನ್ನಿ ಎಲೆಯ ಸಣ್ಣ ಸಣ್ಣ ದಳಗಳು ಸಾಲಾಗಿ ಇರುತ್ತವಲ್ಲ, ಅವನ್ನೇ ಮರಳಿನ ಮೇಲೆ ಗಾಳಿ ಮೂಡಿಸುವ ಅಲೆಗೆರೆಗಳ ಹಾಗೆ ಬಗ್ಗಿಸಿದೆ. ದಿಬ್ಬದ ತೋಳಿನ ಮೇಲೆ ಕೂರಿಸಿದೆ. ಅದೇ ಕೊನೆಯ ಲೋಗೋ. ಬಣ್ಣವೂ ಮಾವನ ಮನೆಯದೇ. ಬಣ್ಣ ಹಾಕದ ಕರಿ ಕಂಬಳಿಯ ಕಪ್ಪು, ನೋಡಿದರೆ ಅದು ಪೂರಾ ಕಪ್ಪಲ್ಲ, ಕಂದು ಬೆರೆತ ಕಪ್ಪು. ಜೊತೆಗೆ ಹೊಲದ ಕೆಮ್ಮಣ್ಣು.

ಕೋಟೆಯ ಗೈಡ್ ಅಣ್ಣನಿಗೂ ಒಂದು ಮಾತು. ನೀರಿನ ಗೋಷ್ಠಿಗೆ ನಾನು ಎಲ್ಲರ ಹಾಗೆ ಒಂದು ಹನಿ ಬರೆದಿದ್ದೆ. "ಇಷ್ಟು ಹೊಂಡ ಇರೋ ಊರಲ್ಲಿ ಕೂತು ಹನಿ ಬರೀತೀರಲ್ಲ ಮೇಡಂ" ಅಂದು ಅಕ್ಕ ತಂಗಿ ಹೊಂಡದ ತನಕ ನಡೆಸಿದರು. ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ. ಹನಿ ತೆಗೆದು ಮೆಟ್ಟಿಲು ಬರೆದೆ.

ಈಗ ಕಷ್ಟದ ಭಾಗ. ಸಂಕಿರಣಕ್ಕೆ ಹನ್ನೊಂದು ದಿನ ಇತ್ತು. ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಒಳಗಿಂದ ಟಕ್ ಟಕ್ ಟಕ್. ರಿಪೇರಿ ಹುಡುಗ ಕಿವಿ ಇಟ್ಟು ಕೇಳಿ, "ಅಕ್ಕಾ, ಇದು ಹೋಯ್ತು" ಅಂದ. ಡಾಕ್ಟರ್ ಹೊರಗೆ ಬಂದು ತಲೆ ಅಲ್ಲಾಡಿಸ್ತಾರಲ್ಲ, ಹಂಗೆ. ಬ್ಯಾಕಪ್ ಇತ್ತು. ಸಗುವಾರೋ ಕಾಲದ್ದು.

ಅಳುತ್ತಾ ಎಲ್ಲರಿಗೂ ಫೋನ್ ಮಾಡಿದೆ. ನಾನು ಕಳಿಸಿದ್ದ ಪಿಡಿಎಫ್‌ಗಳು ಯಾರ ಹತ್ತಿರವಾದರೂ ಇವೆಯಾ? "ಸೂಪರ್" ಅಂದವರು, ಬೆಂಕಿಯ ಚಿತ್ರ ಹಾಕಿದವರು, ಎಲ್ಲರೂ ಫೋನ್ ತುಂಬಿತು ಅಂತ ಅಳಿಸಿಬಿಟ್ಟಿದ್ದರು. ತಪ್ಪು ಅಂತ ಅವರನ್ನು ಬೈಯಲ್ಲ. ನಾನಾದರೂ ಅಳಿಸುತ್ತಿದ್ದೆ. ಇಟ್ಟುಕೊಂಡಿದ್ದವರು ತಕರಾರು ತೆಗೆದವರು ಮಾತ್ರ. ಮೇಡಂ ಹತ್ತಿರ ತಾರೀಖು ಹಾಕಿ ಜೋಡಿಸಿದ 23 ಫೈಲ್ ಇದ್ದವು, ಪ್ರತಿಯೊಂದರ ಮೇಲೂ ಬಾಣದ ಗುರುತು. ಪುಸ್ತಿಕೆಯ ಕರಡು ತಿದ್ದುತ್ತಿದ್ದ ನಿವೃತ್ತ ಕನ್ನಡ ಮೇಷ್ಟ್ರು ಇಡೀ ಪುಸ್ತಿಕೆಯನ್ನು ಪ್ರಿಂಟ್ ತೆಗೆಸಿ, ಕೆಂಪು ಇಂಕಿನಲ್ಲಿ ಗೀಚಿ, ದಾರ ಹಾಕಿ ಕಟ್ಟಿಟ್ಟಿದ್ದರು. ಮಾವ ಕೂಡ ಕಳ್ಳಿಯ ಚಿತ್ರ ಇಟ್ಟುಕೊಂಡಿದ್ದರು, ಊರವರಿಗೆ ತೋರಿಸಿ ನಗೋಕೆ. ಅದು ಉಪಯೋಗಕ್ಕೆ ಬರಲಿಲ್ಲ.

ಪಿಡಿಎಫ್ ತೆರೆದರೆ ಗೆರೆಗಳೆಲ್ಲ ಸಿಕ್ಕವು. ಅಕ್ಷರಗಳು ಸಿಗಲಿಲ್ಲ. ಕಳಿಸುವಾಗ ಫಾಂಟ್ ತೊಂದರೆ ಬರಬಾರದು ಅಂತ ಅಕ್ಷರವನ್ನೆಲ್ಲ ಗೆರೆ ಮಾಡಿಬಿಟ್ಟಿದ್ದೆ, ಅಂದರೆ ಚಿತ್ರದ ಥರ, ಅಕ್ಷರವಾಗಿ ತಿದ್ದೋಕೆ ಬರಲ್ಲ. ಕನ್ನಡ ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸಿದವರಿಗೆ ಈ ಭಯ ಗೊತ್ತು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರ ಒಂದು ಕಡೆ, ಅಕ್ಷರ ಒಂದು ಕಡೆ. ಹಾಗಾಗಿ ಎಲ್ಲ ಮತ್ತೆ ಟೈಪ್ ಮಾಡಿದೆ. ನಾಲ್ಕು ರಾತ್ರಿ.

ಐದನೆಯ ದಿನ ಮೇಷ್ಟ್ರು ಅಂಗಡಿಗೆ ಬಂದರು. ವೇದಿಕೆಯ ಬಟ್ಟೆಯ ಕರಡು ಗೋಡೆಗೆ ಅಂಟಿಸಿದ್ದೆ. ಬಹಳ ಹೊತ್ತು ನಿಂತು ನೋಡಿದರು.

"ಮರಭೂಮಿ" ಅಂತ ಓದಿದರು.

ಎದೆ ಧಸಕ್ ಅಂತು. ಎರಡಡಿ ಎತ್ತರದ ಅಕ್ಷರದಲ್ಲಿ 'ರು' ಹೋಗಿ 'ರ' ಆಗಿತ್ತು.

"ಒಂದು ಕೊಂಬು ಬಿದ್ದಿದ್ದಕ್ಕೆ ಮರುಭೂಮೀಲಿ ಕಾಡೇ ಬೆಳೆಸಿಬಿಟ್ಟಿದೀಯಲ್ಲೇ ತಾಯಿ. ಅರಣ್ಯ ಇಲಾಖೆಯವರು ಕರೆದು ಸನ್ಮಾನ ಮಾಡ್ತಾರೆ" ಅಂದರು ಮೇಷ್ಟ್ರು. ನನಗೆ ನಗು ಬರಲಿಲ್ಲ, ಅಳು ಬಂತು. ಆಮೇಲೆ ಇಬ್ಬರೂ ನಕ್ಕೆವು. ದಿಬ್ಬದ ಕೊಂಬು ತಿರುಗಿಸಿದ್ದು ಮೇಡಂ, ಅಕ್ಷರದ ಕೊಂಬು ಹಚ್ಚಿದ್ದು ಮೇಷ್ಟ್ರು. ಇವೆರಡು ಆಗದೆ ಹೋಗಿದ್ದರೆ ದಾವಣಗೆರೆಯಲ್ಲಿ ನನ್ನ ಕಥೆ ಏನಾಗುತ್ತಿತ್ತೋ!

ಪ್ರೆಸ್ಸಿನ ಅಣ್ಣನನ್ನು ಮರೆತರೆ ಮುಂದಿನ ಬಿಲ್ ಜಾಸ್ತಿ ಬರುತ್ತೆ. ಪರದೆಯ ಮೇಲೆ ಉರಿಯುತ್ತಿದ್ದ ನನ್ನ ಕೆಮ್ಮಣ್ಣು ಕಾಗದದ ಮೇಲೆ ಹಳೇ ಇಟ್ಟಿಗೆಯಾಗಿ ಬಂತು. ಪರದೆಯ ಬಣ್ಣವನ್ನು ಅಚ್ಚಿನ ಬಣ್ಣಕ್ಕೆ ಬದಲಿಸದೆ ಕಳಿಸಿದ್ದು ನಾನೇ. ಅವಸರದಲ್ಲಿ ಅದೂ ಮರೆತಿತ್ತು. "ಅಲ್ಲಿ ಬೆಳಕು, ಇಲ್ಲಿ ಶಾಯಿ, ಎರಡೂ ಒಂದಾಗಲ್ಲ ಕಣಮ್ಮ" ಅಂತ ಅಣ್ಣ ಮೂರು ತುಂಡು ಬಟ್ಟೆಯ ಮೇಲೆ ಕೈಯಲ್ಲೇ ಶಾಯಿ ಬೆರೆಸಿ ತೋರಿಸಿದರು. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧ ಇದೆ. ಒಣಭೂಮಿಯ ಸಂಕಿರಣಕ್ಕೆ ಅದನ್ನು ಕಟ್ಟೋದಂತೂ ಸಾಧ್ಯವೇ ಇರಲಿಲ್ಲ. ಹತ್ತಿ ಬಟ್ಟೆ, ಸ್ಕ್ರೀನ್ ಪ್ರಿಂಟಿಂಗ್. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಮಾಡಬೇಕು, ದುಡ್ಡು. ಆರು ಬಣ್ಣದಲ್ಲಿ ನಾಲ್ಕನ್ನು ಅಣ್ಣನೇ ಕಿತ್ತು ಹಾಕಿದರು. ಎರಡೇ ಉಳಿದವು. ನೋಡಿದವರೆಲ್ಲ ಮೆಚ್ಚಿದ್ದು "ಎಷ್ಟು ಸರಳವಾಗಿದೆ" ಅಂತ. ಸುಮ್ನೆ ತಲೆ ಆಡಿಸಿದೆ.

ಸಂಕಿರಣದ ಮೂರು ದಿನ ಹೇಗೆ ಹೋಯಿತೋ ಗೊತ್ತಿಲ್ಲ. ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿನ್ನದೆ ಬಂದದ್ದು ಜೀವನದಲ್ಲಿ ಇದೇ ಮೊದಲು. ಒಂದು ಗಳಿಗೆ ಮಾತ್ರ ನೆನಪಿದೆ. ಎರಡನೆಯ ದಿನ ಊಟದ ಸಾಲಿನಲ್ಲಿ ಜೋಧಪುರದಿಂದ ಬಂದ ಹಿರಿಯರೊಬ್ಬರು ತಮ್ಮ ಬ್ಯಾಡ್ಜನ್ನು ಬೆರಳಲ್ಲಿ ಸವರಿ, "ಖೇಜಡಿ?" ಅಂತ ಕೇಳಿದರು. ನನ್ನ ಮುರುಕಲು ಹಿಂದಿಯಲ್ಲಿ "ಹಾಂ ಜೀ, ಬನ್ನಿ" ಅಂದೆ. ಅದರ ಕಾಯಿ ಒಣಗಿಸಿ ಪಲ್ಯ ಮಾಡ್ತೀವಿ, ಸಾಂಗ್ರಿ ಅಂತೀವಿ ಅಂದರು ಅವರು. ನಾವು ಎಲೆ ಕೊಟ್ಟು ಬಂಗಾರ ಅಂತೀವಿ ಅಂದೆ. ಅವರು ಆಮೇಲೆ ಬ್ಯಾಡ್ಜಿನ ದಿಬ್ಬ ನೋಡಿ, ಕೈಯನ್ನು ನೈಋತ್ಯದಿಂದ ಈಶಾನ್ಯಕ್ಕೆ ಗಾಳಿಯ ಹಾಗೆ ಬೀಸಿ, ಹೌದು ಅನ್ನುವಂತೆ ತಲೆ ಆಡಿಸಿದರು. ಮೇಡಂ ಎರಡು ಜನರ ಹಿಂದೆ ತಟ್ಟೆ ಹಿಡಿದು ನಿಂತಿದ್ದರು. ನನ್ನ ಕಡೆ ನೋಡಲೇ ಇಲ್ಲ. ಚಟ್ನಿ ಹಾಕಿಸಿಕೊಂಡರು.

ಮೇಡಂ, ಮೇಷ್ಟ್ರೇ, ಮಾವ, ಪ್ರೆಸ್ಸಿನ ಅಣ್ಣ, ಗೈಡ್ ಅಣ್ಣ, ಹಳೇ ಡಿಸ್ಕಿನ ದುಡ್ಡು ತಗೊಳ್ಳದ ರಿಪೇರಿ ಹುಡುಗ, ನಾಲ್ಕು ರಾತ್ರಿಯೂ ಎರಡು ಗಂಟೆಗೆ ಎದ್ದು ಟೀ ಕಾಯಿಸಿ ಕೊಟ್ಟ ಅಮ್ಮ, ಎಲ್ಲರಿಗೂ ಕೈ ಮುಗಿದಿದ್ದೇನೆ. ಅಮ್ಮಾ, ಅಳತೆ ಕೊನೆಗೆ ಸರಿ ಬಂತು. ಬ್ಯಾಡ್ಜಿನ ದಾರ ಮಾತ್ರ ಸ್ವಲ್ಪ ಉದ್ದ ಆಯ್ತು, ಎಲ್ಲರ ಬ್ಯಾಡ್ಜೂ ಸಾರಿನಲ್ಲಿ ಅದ್ದಿತು.

ಇನ್ನೊಂದು ವಿಷಯ. ಬಟ್ಟೆ ಚೀಲ 37 ಉಳಿದಿವೆ. ಬನ್ನಿ ಎಲೆ, ದಿಬ್ಬ ಎಲ್ಲ ಇದೆ, ಐದು ಕೆಜಿ ಶೇಂಗಾ ಆರಾಮಾಗಿ ಹಿಡಿಯುತ್ತೆ. ಬೇಕಾದವರು ಅಂಗಡಿಗೆ ಬಂದು ತಗೊಂಡು ಹೋಗಿ, ದುಡ್ಡು ಬೇಡ. ಭಾನುವಾರ ರಜಾ. ಒಳಗಿನ ಹೊಲಿಗೆಯ ಹತ್ತಿರ ಒಂದು ತಪ್ಪು ಹಾಗೇ ಉಳಿದಿದೆ, ಮೇಷ್ಟ್ರು ಇನ್ನೂ ನೋಡಿಲ್ಲ. ದಯವಿಟ್ಟು ತೋರಿಸಬೇಡಿ.