ಚಿಪ್ಪುಹಂದಿ ಕೋಣೆಯ ಮಾಡು ಮುಂಗಾರಿಗೆ ಮೊದಲು ಏಳಬೇಕಾಗಿದೆ: ದಾನಿಗಳಲ್ಲಿ ವಿನಂತಿ

ಮಾನ್ಯರೇ,

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಬರುವ ದಾರಿಯ ನಮ್ಮ ಶಾಲೆಯನ್ನೂ, ಅದರ ಹಿಂಬದಿಯಲ್ಲಿ ಊರವರೇ ಮರ ಕೊಟ್ಟು ಕಲ್ಲು ಹೊತ್ತು ಕಟ್ಟಿದ ಕೋಣೆಯನ್ನೂ ತಾವು ಬಲ್ಲಿರಿ. ಕಳೆದ ವರ್ಷ ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ರಾತ್ರಿ ಆ ಕೋಣೆಯ ನಡುಜಂತಿ ಮುರಿದು ಮಾಡು ಕುಸಿಯಿತು. ಗೆದ್ದಲು ಮರವನ್ನು ಒಳಗಿಂದೊಳಗೇ ಟೊಳ್ಳು ಮಾಡಿದ್ದು ನಮ್ಮ ಗಮನಕ್ಕೆ ಬಂದಿರಲಿಲ್ಲ. ರಾತ್ರಿಯ ಹೊತ್ತಾದ್ದರಿಂದ ಯಾವ ಮಗುವಿಗೂ ಪೆಟ್ಟಾಗಲಿಲ್ಲ ಎಂಬುದೊಂದೇ ಸಮಾಧಾನ. ಬೆಳಗ್ಗೆ ಬಾಗಿಲು ತೆಗೆದಾಗ, ಮಕ್ಕಳು ವರ್ಷಗಳಿಂದ ಬರೆದಿಟ್ಟ ಕಾಡಿನ ದಿನಚರಿಗಳು ಒಡೆದ ಹಂಚುಗಳ ಅಡಿಯಲ್ಲಿ ನೆನೆದು ಮುದ್ದೆಯಾಗಿದ್ದವು.

ಮಕ್ಕಳು ಅದನ್ನು ಚಿಪ್ಪುಹಂದಿ ಕೋಣೆ ಎಂದೇ ಕರೆಯುತ್ತಾರೆ. ಹೆಸರಿನಲ್ಲಿ ಹಂದಿ ಇದ್ದರೂ, ಮೈತುಂಬ ಚಿಪ್ಪಿರುವ ಈ ಪ್ರಾಣಿ (ಪ್ಯಾಂಗೊಲಿನ್) ಹಂದಿಯ ಜಾತಿಯದಲ್ಲ. ಹಗಲೆಲ್ಲ ಬಿಲದಲ್ಲಿ ಮಲಗಿ, ಕತ್ತಲಾದ ಮೇಲೆ ಹೊರಟು, ಮೂಗಿನಿಂದಲೇ ಹುತ್ತವನ್ನು ಪತ್ತೆಹಚ್ಚಿ, ಮುಂಗಾಲಿನ ಉದ್ದುಗುರುಗಳಿಂದ ಅದನ್ನು ಸೀಳಿ, ಅಂಟುಜೊಲ್ಲು ಸವರಿದ ನಾಲಿಗೆಯನ್ನು ಒಳಕ್ಕೆ ಚಾಚಿ ಗೆದ್ದಲನ್ನೂ ಇರುವೆಯನ್ನೂ ಎಳೆದುಕೊಳ್ಳುವ ಒಂಟಿ ಜೀವ. ನೆಲದ ಮೇಲೆಯೇ ಹೆಚ್ಚು ಓಡಾಡಿದರೂ, ಬಾಲವನ್ನು ಆಧಾರವಾಗಿ ಸುತ್ತಿಕೊಂಡು ಮರವನ್ನೂ ಹತ್ತಬಲ್ಲದು. ಬಾಯಲ್ಲಿ ಒಂದೂ ಹಲ್ಲಿಲ್ಲದ ಈ ಪ್ರಾಣಿಯ ಹೊಟ್ಟೆಯಲ್ಲಿ, ನುಂಗಿದ ಸಣ್ಣ ಕಲ್ಲುಗಳೇ ಆಹಾರವನ್ನು ಅರೆಯುತ್ತವೆ. ತಾಯಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕಿ, ಅದನ್ನು ಬಾಲದ ಬುಡದ ಮೇಲೆ ಕೂರಿಸಿಕೊಂಡು ತಿರುಗುತ್ತದೆ. ಅಪಾಯ ಕಂಡರೆ ಮರಿಯನ್ನು ಒಳಗಿಟ್ಟುಕೊಂಡು ಉಂಡೆಯಾಗುತ್ತದೆ. ಹಾಗೆ ಉಂಡೆಯಾದ ತಾಯಿಯ ಚಿತ್ರವೊಂದು ಆ ಕೋಣೆಯಲ್ಲಿತ್ತು; ಅದರ ಮುಂದೆ ನಿಂತಾಗ ಎಂಥ ಗಲಾಟೆಯ ಮಕ್ಕಳೂ ಸುಮ್ಮನಾಗುತ್ತಿದ್ದುದನ್ನು ನಾವು ಕಂಡಿದ್ದೇವೆ.

ಅದರ ಪಕ್ಕದಲ್ಲಿಯೇ, ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಮರವೇರಿ ಇರುವೆ ತಿನ್ನುವ ತಮಾಂಡುವಾದ ಚಿತ್ರವಿತ್ತು. ಅದಕ್ಕೂ ಹಲ್ಲಿಲ್ಲ, ಅದೂ ಬಾಲದಿಂದ ಕೊಂಬೆ ಹಿಡಿಯುತ್ತದೆ. ಆದರೆ ಮೈತುಂಬ ಕೂದಲು. ಇವೆರಡೂ ದಾಯಾದಿಗಳಲ್ಲ, ಒಂದೇ ಬಗೆಯ ಊಟ ಇಬ್ಬರನ್ನೂ ಒಂದೇ ಬಗೆಯಾಗಿ ತಿದ್ದಿದೆ ಎಂಬುದನ್ನು ಏಳನೆಯ ತರಗತಿಯ ಮಕ್ಕಳು ಬಂದವರಿಗೆಲ್ಲ ವಿವರಿಸುತ್ತಿದ್ದರು. ಆ ಚಿತ್ರದ ಬಣ್ಣವೂ ನೀರಿಗೆ ಹೋಯಿತು.

ಉಂಡೆಯಾಗುವ ಚಿಪ್ಪುಹಂದಿಗೆ ಚಿರತೆಯ ಹಲ್ಲು ಕೂಡ ಸುಲಭವಾಗಿ ನಾಟುವುದಿಲ್ಲ. ಮನುಷ್ಯನಿಗೆ ಮಾತ್ರ ಆ ಉಂಡೆಯನ್ನು ಎತ್ತಿ ಚೀಲಕ್ಕೆ ಹಾಕುವುದು ಸಲೀಸು. ನಮ್ಮ ಉಗುರು ಯಾವ ವಸ್ತುವಿನದೋ ಅದರ ಚಿಪ್ಪೂ ಅದೇ ಕೆರಾಟಿನ್; ಅದರಲ್ಲಿ ಔಷಧವಿದೆ ಎಂಬ ನಂಬಿಕೆಯಿಂದಲೇ ಈ ವಂಶ ಸವೆಯುತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇದು ಇದೆ, ಕೊಂದವರಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸವಿದೆ. ಜಗತ್ತಿನ ಎಂಟೂ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ತೀರ್ಮಾನ 2016ರಲ್ಲಿಯೇ ಆಗಿದೆ. ಆದರೂ ತೋಟದ ಅಂಚಿನಲ್ಲಿ ರಾತ್ರಿ ಉರುಳು ಹಾಕುವವನ ಬಳಿಗೆ ಕಾಯ್ದೆಗಿಂತ ಮೊದಲು ಅವನ ಮನೆಯ ಮಗುವಿನ ಮಾತು ತಲುಪುತ್ತದೆ ಎಂಬುದು ನಮ್ಮ ಅನುಭವ.

ಒಮ್ಮೆ ಅಡಿಕೆ ತೋಟದ ಬಸಿಗಾಲುವೆಯಲ್ಲಿ ಬಿದ್ದಿದ್ದ ಚಿಪ್ಪುಹಂದಿಯನ್ನು ನೋಡಿ ಆಳುಗಳು ಕೋಲು ಹಿಡಿದಾಗ, ನಮ್ಮ ವಿದ್ಯಾರ್ಥಿಯೊಬ್ಬ ಅಡ್ಡ ನಿಂತು, "ಅಜ್ಜಯ್ಯ, ಅದಕ್ಕೆ ಕಚ್ಚಲು ಹಲ್ಲೇ ಇಲ್ಲ, ಹೊಡೆಯಬೇಡಿ ಅನ್ನಿ" ಎಂದು ಅತ್ತನಂತೆ. ಅಜ್ಜಯ್ಯನವರೇ ಅರಣ್ಯ ಇಲಾಖೆಗೆ ಫೋನು ಮಾಡಿಸಿದರು. ಜೀವಂತವಾಗಿ ಕಾಡು ಸೇರಿದ ಆ ಪ್ರಾಣಿಗಿಂತ ದೊಡ್ಡ ಪ್ರಶಸ್ತಿ ಈ ಟ್ರಸ್ಟಿಗೆ ಬಂದಿಲ್ಲ. ಇಂದು ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ, ತೆಂಗಿನ ಸಸಿಯನ್ನೂ ಮನೆಯ ಪಕಾಸನ್ನೂ ತಿನ್ನುವ ಗೆದ್ದಲನ್ನು ಇದು ತಿನ್ನುತ್ತದೆ ಎಂದು ಹಿರಿಯರೇ ಹೇಳುವಂತಾಗಿದೆ.

ಈಗ ತರಗತಿಯ ಜಗಲಿಯಲ್ಲಿ ಟಾರ್ಪಾಲು ಕಟ್ಟಿ, ಉಳಿದ ನಾಲ್ಕಾರು ಚಿತ್ರಗಳನ್ನು ಅಲ್ಲಿಟ್ಟು ಪಾಠ ಮಾಡುತ್ತಿದ್ದೇವೆ. ಆಗುಂಬೆಯ ಮಳೆ ಅದನ್ನು ಉಳಿಸುವುದಿಲ್ಲ. ಹೊಸ ಜಂತಿ, ಪಕಾಸು, ರೀಪು, ಹಂಚು, ಕೂಲಿ, ಜೊತೆಗೆ ಚಿತ್ರಗಳನ್ನು ಮತ್ತೆ ಬರೆಸುವುದು ಎಲ್ಲ ಸೇರಿ ಸುಮಾರು 4 ಲಕ್ಷ ರೂಪಾಯಿ ಬೇಕಾಗಬಹುದು ಎಂದು ಬಡಗಿಗಳು ಅಂದಾಜು ಕೊಟ್ಟಿದ್ದಾರೆ. ಊರಿನಲ್ಲಿ ಕೂಡಿಸಿದ್ದು ಅದರ ಕಾಲುಭಾಗವೂ ಆಗಿಲ್ಲ. ಈ ಸಲ ಕೊಳೆರೋಗದಿಂದ ಅಡಿಕೆ ಉದುರಿ, ಕೊಡುವ ಮನಸ್ಸಿದ್ದವರ ಕೈಯೂ ಬರಿದಾಗಿದೆ.

ಮೃಗಶಿರಾ ಮಳೆ ಹಿಡಿಯುವುದರೊಳಗೆ ಹಂಚು ಹೊದಿಸಬೇಕಾದರೆ ಯುಗಾದಿಯ ಹೊತ್ತಿಗೆ ಮರ ತರಿಸಲೇಬೇಕು. ಆದ್ದರಿಂದ ತಮ್ಮ ಕೈಲಾದ ದೇಣಿಗೆಯನ್ನು ಅದಕ್ಕೆ ಮೊದಲು ಶಾಲಾ ಕಚೇರಿಗೆ ತಲುಪಿಸಿ ರಸೀದಿ ಪಡೆಯಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಹಳೆಯ ಮನೆ ಬಿಚ್ಚಿದ ಗಟ್ಟಿ ಹಂಚು, ರೀಪುಗಳಿದ್ದರೂ ಆದೀತು, ನಮ್ಮದೇ ಗಾಡಿ ಕಳುಹಿಸುತ್ತೇವೆ. ಹಂಚು ಹೊದಿಸುವ ದಿನ ಹಳೆಯ ವಿದ್ಯಾರ್ಥಿಗಳು ಬಂದು ಕೈಜೋಡಿಸಿದರೆ ಕೂಲಿಯ ಹೊರೆಯೂ ಅಷ್ಟು ಇಳಿಯುತ್ತದೆ; ಅಂದು ಮಧ್ಯಾಹ್ನದ ಊಟ ಶಾಲೆಯಲ್ಲಿಯೇ.

ಇಂತಿ ತಮ್ಮ ವಿಶ್ವಾಸಿಗಳಾದ,
ಶಾಲಾ ಟ್ರಸ್ಟಿನ ವಿಶ್ವಸ್ತರು