ಗಾಲೆನ್ ಓದು ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ನಮ್ಮ ಭಾನುವಾರದ ಓದು ಮೊನ್ನೆಗೆ ಮುಗಿಯಿತು. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಬಿಷಪ್ ಆಗಿದ್ದ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್, 1941ರ ಜುಲೈ ಮತ್ತು ಆಗಸ್ಟ್‌ನಲ್ಲಿ ಹಿಟ್ಲರ್ ಸರ್ಕಾರದ ವಿರುದ್ಧ ಕೊಟ್ಟ ಮೂರು ಪ್ರಬೋಧನೆಗಳನ್ನು ಒಂದು ಸಾಲೂ ಬಿಡದೆ ಓದಿದೆವು. 'ಬಿಷಪ್ಪರ ಮಾತು ಅಂದ್ರೆ ನಿದ್ದೆ ಬರುತ್ತೆ' ಅಂದವರೇ ಕೊನೆಯವರೆಗೂ ಕೂತರು. ಅವರಿಗೂ ಥ್ಯಾಂಕ್ಸ್.

ಜರ್ಮನ್ ಕಲಿಸುವ ಮೇಡಂ ಇಲ್ಲದಿದ್ದರೆ ಆಗಸ್ಟ್ 3ರ ಪ್ರಬೋಧನೆ ನಮಗೆ ದಕ್ಕುತ್ತಲೇ ಇರಲಿಲ್ಲ. ಮಾನಸಿಕ ಆಸ್ಪತ್ರೆಗಳಿಂದ ರೋಗಿಗಳನ್ನು ಸಾಗಿಸಿ ಕೊಲ್ಲುತ್ತಿದ್ದಾರೆ ಎಂದು ಗಾಲೆನ್ ಅಂದು ಚರ್ಚಿನಲ್ಲಿ ಎಲ್ಲರೆದುರು ಹೇಳಿದರು. ಅಷ್ಟೇ ಅಲ್ಲ, ಜರ್ಮನ್ ದಂಡಸಂಹಿತೆಯಲ್ಲಿ ಕೊಲೆಯ ಬಗ್ಗೆ ಇರುವ ಕಲಂ 211 ಓದಿದರು. ಜುಲೈ 28ರಂದೇ ಸರ್ಕಾರಿ ವಕೀಲರಿಗೂ ಪೊಲೀಸ್ ಮುಖ್ಯಸ್ಥರಿಗೂ ದೂರು ಕೊಟ್ಟಿದ್ದೇನೆ ಎಂದರು. ನಮ್ಮ ವಕೀಲ ಅಂಕಲ್ ಇಲ್ಲಿ ಕುರ್ಚಿ ಮುಂದೆ ಎಳೆದುಕೊಂಡರು. 'ಇದು ಪಕ್ಕಾ ಕಂಪ್ಲೇಂಟ್ ಕಣ್ರೀ, ತಾರೀಖು ಸಮೇತ!' ಕಾನೂನಿನ ಆ ಭಾಗವನ್ನು ಅವರಷ್ಟು ಚೆನ್ನಾಗಿ ಯಾರು ಬಿಡಿಸಿ ಹೇಳುತ್ತಿದ್ದರು?

ಮುಂದಿನ ಭಾಗವನ್ನು ಓದಿದ್ದು ಗಾಲಿಕುರ್ಚಿಯಲ್ಲಿರುವ ಮಗಳ ಜೊತೆ ಬರುತ್ತಿದ್ದ ಅಕ್ಕ. ಕೆಟ್ಟುಹೋದ ಯಂತ್ರ, ಕುಂಟುವ ಕುದುರೆ, ಹಾಲು ಬತ್ತಿದ ಹಸು. ಕೆಲಸಕ್ಕೆ ಬಾರದ ಮನುಷ್ಯರನ್ನೂ ಹಾಗೇ ನೋಡಬಹುದಾ ಅಂತ ಗಾಲೆನ್ ಕೇಳುತ್ತಾರೆ. ಹಾಗೆ ಒಪ್ಪಿಕೊಂಡರೆ ನಾಳೆ ಮುದುಕರಾದ ನಮ್ಮ ಗತಿ, ಕೈಕಾಲು ಕಳೆದುಕೊಂಡು ಬರುವ ಸೈನಿಕರ ಗತಿ ಏನು ಎನ್ನುತ್ತಾರೆ. ಹಸುವಿನ ಸಾಲಿಗೆ ಅಕ್ಕ ನಿಂತರು. ಮಗಳು 'ಓದಮ್ಮಾ' ಅಂದಳು. ಅಕ್ಕ ಓದಿದರು. ಇಬ್ಬರಿಗೂ ನಾನು ಋಣಿ.

ಆದರೆ ಎಲ್ಲರಿಗಿಂತ ಜಾಸ್ತಿ ಋಣಿ ವಾರ ವಾರ ಜಗಳಕ್ಕೆ ಬರುತ್ತಿದ್ದ ಗೆಳೆಯನಿಗೆ. 'ಯಹೂದಿಗಳ ಬಗ್ಗೆ ಇವರು ಹೀಗೆ ಬಾಯಿ ಬಿಟ್ಟರಾ?' ಅಂತ ಅವನು ಕೇಳದಿದ್ದರೆ ನಾವು ಗಾಲೆನ್‌ಗೆ ಸುಮ್ನೆ ಹಾರ ಹಾಕಿ ಮುಗಿಸುತ್ತಿದ್ದೆವು. ಇಲ್ಲ, ಹಾಗೆ ಬಾಯಿ ಬಿಡಲಿಲ್ಲ. ರಷ್ಯಾ ಮೇಲಿನ ಯುದ್ಧಕ್ಕೆ ಅವರ ಬೆಂಬಲವೂ ಇತ್ತು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಆಡಳಿತವನ್ನೂ ತರಾಟೆಗೆ ತೆಗೆದುಕೊಂಡರು. 2005ರಲ್ಲಿ ಚರ್ಚು ಅವರನ್ನು ಪುನೀತರೆಂದು ಸಾರಿದೆ. ನನ್ನ ಮಟ್ಟಿಗೆ ಅವರ ಆಗಸ್ಟ್ 3ರ ಧೈರ್ಯ ನಿಜ, ಆ ಮೌನವೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲು ಗೆಳೆಯ ಬಿಡಲಿಲ್ಲ.

ಪ್ರತಿ ವಾರ ಪ್ರಿಂಟ್ ತೆಗೆದು ಹಂಚಿದ ತಮ್ಮನಿಗೆ ಬೇರೆಯೇ ಥ್ಯಾಂಕ್ಸ್. ಆಗ ಇದೇ ಕೆಲಸ ತಲೆಗೆ ಬರುತ್ತಿತ್ತು ಕಣೋ. ಗಾಲೆನ್‌ರನ್ನು ಮುಟ್ಟಿದರೆ ಆ ಸೀಮೆಯ ಜನ ತಿರುಗಿಬಿದ್ದಾರು ಅಂತ ಹಿಟ್ಲರ್‌ನ ಪ್ರಚಾರ ಮಂತ್ರಿ ಗೋಬೆಲ್ಸ್ ಹೆದರಿದ, ಅವರು ಉಳಿದರು. ಅವರ ಪ್ರಬೋಧನೆಗಳನ್ನು ಜನ ಕದ್ದುಮುಚ್ಚಿ ನಕಲು ಮಾಡಿ ಹಂಚಿದರು. ಹಾಗೆ ಹಂಚಿದವರಲ್ಲಿ ಲ್ಯೂಬೆಕ್‌ನ ಮೂವರು ಕ್ಯಾಥೊಲಿಕ್ ಗುರುಗಳೂ ಒಬ್ಬ ಲೂಥರನ್ ಪಾಸ್ಟರೂ ಇದ್ದರು. 1943ರ ನವೆಂಬರ್ 10ರಂದು ನಾಲ್ವರ ತಲೆಯನ್ನೂ ಕಡಿದರು. ಇನ್ನು ಆ ರೋಗಿಗಳು: 1941ರ ಆಗಸ್ಟ್ 24ಕ್ಕೆ ಹಿಟ್ಲರ್ ಗ್ಯಾಸ್ ಕೊಠಡಿಯ ಕೊಲೆ ನಿಲ್ಲಿಸಲು ಹೇಳುವ ಹೊತ್ತಿಗೆ 70,000ಕ್ಕೂ ಹೆಚ್ಚು ಜನ ಸತ್ತಿದ್ದರು. ಆಮೇಲೂ ಆಸ್ಪತ್ರೆಗಳಲ್ಲಿ ಔಷಧಿ ಕೊಟ್ಟು, ಉಪವಾಸ ಕೆಡವಿ ಕೊಲ್ಲುವುದು ನಡೆದೇ ಇತ್ತು.

ಮುಂದಿನ ಓದಿಗೆ ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಓಸ್ಕರ್ ರೊಮೆರೊ ಆಗಬಹುದು ಅಂತ ಸುಮಾರು ಜನ ಹೇಳಿದ್ದಾರೆ. ನಾನು ರೆಡಿ. ಜಗಳಗಂಟ ಗೆಳೆಯ ಬರುವುದಾದರೆ ಮಾತ್ರ.