ಕರ್ಫ್ಯೂ ಹೋಯಿತು, ಲೆಕ್ಕ ನಮ್ಮದಾಯಿತು

ಸಂಪಾದಕರೇ,

2022ರ ಜನವರಿ 21ರಂದು ರಾಜ್ಯ ಸರ್ಕಾರ ವಾರಾಂತ್ಯದ ಕರ್ಫ್ಯೂ ತೆಗೆಯಿತು. ಅಷ್ಟಕ್ಕೇ ಕೊರೊನಾನೇ ಊರು ಬಿಟ್ಟು ಹೋದ ಹಾಗೆ ನಮ್ಮ ಬೀದಿಯ ಜನ ಮಾಸ್ಕನ್ನು ಗಲ್ಲಕ್ಕೆ ಇಳಿಸಿದ್ದಾರೆ. ಇನ್ನು ಮುಂದೆ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಬೇಡ ಅಂತ ನಾವೇ ಲೆಕ್ಕ ಹಾಕಬೇಕು, ಅಲ್ವಾ?

ಪುಷ್ಯ ಮುಗಿದ ಕೂಡಲೇ ನೆಂಟರ ಮನೆಯಲ್ಲಿ ಮದುವೆ. ನನಗೆ 34, ಲಸಿಕೆಯ ಎರಡು ಡೋಸ್ ಆಗಿದೆ, ಕೊರೊನಾದ ಒಮೈಕ್ರಾನ್ ತಳಿ ಬಂದರೂ ಜ್ವರ, ಗಂಟಲು ನೋವಿನಲ್ಲೇ ಮುಗಿಯಬಹುದು. ಆದರೆ ಅಮ್ಮನಿಗೆ 68, ಸಕ್ಕರೆ ಕಾಯಿಲೆ ಬೇರೆ, ಎರಡನೇ ಡೋಸ್ ಆಗಿ 9 ತಿಂಗಳು ತುಂಬದೆ ಮುನ್ನೆಚ್ಚರಿಕೆ (ಮೂರನೇ) ಡೋಸ್ ಕೊಡುವುದಿಲ್ಲ ಅನ್ನೋದು 2022ರ ಈ ಜನವರಿಯ ನಿಯಮ. ಹಾಗಾಗಿ ನನ್ನ ಲೆಕ್ಕ ಶುರುವಾಗೋದು ಅಮ್ಮನಿಂದ. ಧಾರೆಗೆ ಮಾಸ್ಕ್ ಹಾಕಿಕೊಂಡು ಹೋಗಿ ಅಕ್ಷತೆ ಹಾಕಿ ಬರುತ್ತೇನೆ, ಕಿಟಕಿ ಮುಚ್ಚಿದ ಎಸಿ ಹಾಲ್‌ನಲ್ಲಿ ಊಟಕ್ಕೆ ಮಾತ್ರ ಕೂರುವುದಿಲ್ಲ (ಹೋಳಿಗೆ ತಪ್ಪಿದ್ದಕ್ಕೆ ಬೇಜಾರಿದೆ, ಸುಳ್ಳು ಯಾಕೆ ಹೇಳಲಿ). ಈ ಸೋಂಕು ಹರಡುವುದು ಜಾಸ್ತಿ ಉಸಿರಿನ ಗಾಳಿಯಿಂದ, ನಮ್ಮವರು ನೋಡಿದರೆ ಸುಮ್ನೆ ಕೈಗೆ ಸ್ಯಾನಿಟೈಸರ್ ಸುರಿದುಕೊಂಡು ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ಹರಟುತ್ತಾರೆ.

ನೆಂಟರಿಗೆ ಫೋನ್ ಮಾಡಿ, ಛತ್ರದ ಕಿಟಕಿಗಳನ್ನಾದರೂ ತೆಗೆಸಿ ಅಂದಿದ್ದೇನೆ. ಸೊಳ್ಳೆ ಬರುತ್ತವಂತೆ!

– ಓದುಗ, ಮೈಸೂರು